ನೂಲು ನೋಡಿ ಕೊಕ್ಕೆ ಹಿಡಿಯಿರಿ

ಶಾಲೆಗೆ ರಜೆ ಬಿತ್ತೆಂದರೆ ಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲಿ ಬಣ್ಣಬಣ್ಣದ ‘ಉಲ್ಲನ್’ ಉಂಡೆಗಳಿಗೆ ಗಿರಾಕಿ ಹೆಚ್ಚುತ್ತದೆ. ಬಾಗಿಲಿಗೆ ತೋರಣ, ಟೀಪಾಯಿಗೆ ಹೊದಿಕೆ, ಮನೆಯಲ್ಲಿ ಹುಟ್ಟಿದ ಕೂಸಿಗೊಂದು ಕುಲಾವಿ, ಅಡುಗೆಮನೆಗೆ ಬಿಸಿ ಪಾತ್ರೆ ಇಡುವ ಚಾಪೆ ಎಂದು ಮಕ್ಕಳೂ ತಾಯಂದಿರೂ ಕ್ರೋಷಾ ಕಡ್ಡಿ ಹಿಡಿದು ಕೂರುತ್ತಾರೆ. ಒಳ್ಳೆಯ ಹವ್ಯಾಸವೇ. ಆದರೆ ಒಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ‘ಉಲ್ಲನ್’ ಎಂದು ಕರೆಸಿಕೊಳ್ಳುವ ಆ ಉಂಡೆಗಳಲ್ಲಿ ಹೆಚ್ಚಿನವುಗಳಲ್ಲಿ ಕುರಿಯ ಒಂದು ಕೂದಲೂ ಇರುವುದಿಲ್ಲ. ಅದು ಅಕ್ರಿಲಿಕ್, ಕಾರ್ಖಾನೆಯಲ್ಲಿ ತಯಾರಾದ ಒಂದು ಬಗೆಯ ಪ್ಲಾಸ್ಟಿಕ್ ಎಳೆ.

ಅಕ್ರಿಲಿಕ್ ಕೆಟ್ಟದ್ದೆಂದಲ್ಲ. ಅಗ್ಗ, ಹಗುರ, ಬಣ್ಣ ಮಾಸುವುದಿಲ್ಲ, ಹುಳು ತಿನ್ನುವುದಿಲ್ಲ. ಆದರೆ ಅದರಲ್ಲಿ ಹೆಣೆದ ಚಾಪೆಯ ಮೇಲೆ ಒಲೆಯಿಂದ ಇಳಿಸಿದ ಕಾವಲಿಯನ್ನಿಟ್ಟರೆ ಏನಾಗುತ್ತದೆ? ರೊಟ್ಟಿ ಬೇಯಿಸಿದ ಕಾವಲಿ 200 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಆ ಬಿಸಿಗೆ ಅಕ್ರಿಲಿಕ್ ಮೆತ್ತಗಾಗಿ ಅಂಟುತ್ತದೆ. ಕೈಯಲ್ಲಿ ಹಿಡಿದ ಮಸಿಬಟ್ಟೆಯೇ ಅಕ್ರಿಲಿಕ್ಕಿನದಾದರೆ ಮೆತ್ತಗಾದ ಎಳೆ ಬೆರಳಿಗೆ ಅಂಟಿಕೊಳ್ಳಬಹುದು. ಬಟ್ಟೆ ಸುಟ್ಟರೆ ಕೊಡವಿ ಎಸೆಯಬಹುದು. ಕರಗಿದ ಪ್ಲಾಸ್ಟಿಕ್ಕನ್ನು ಕೊಡವಲು ಬರುವುದಿಲ್ಲ. ಆದ್ದರಿಂದ ಹೆಣಿಗೆ ಕಲಿಯುವ ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದು ಡಿಸೈನನ್ನಲ್ಲ, ನೂಲನ್ನು.

ಕಾವಲಿನ ಕುರಿ, ಕುರಿಯ ತುಪ್ಪಟ

ನಿಜವಾದ ಉಣ್ಣೆಯನ್ನು ಕಾಣಲು ಕಾಶ್ಮೀರಕ್ಕೆ ಹೋಗಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಸೀಮೆಗೆ ಬಂದರೆ ಸಾಕು. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ವರ್ಷಕ್ಕೆ ಸುಮಾರು ಅರ್ಧ ಮೀಟರ್ ಮಳೆ. ಹೊಲದಲ್ಲಿ ಶೇಂಗಾ, ಹೊಲ ಮುಗಿದಲ್ಲಿ ಹುಲ್ಲು. ಉಳ್ಳಾರ್ತಿ ಕಾವಲ್, ಕುದಾಪುರ ಕಾವಲ್ ಎಂಬ ಹೆಸರುಗಳಲ್ಲಿರುವ ‘ಕಾವಲ್’ ಎಂದರೆ ಕಾಯ್ದಿಟ್ಟ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನ್ ‘ಅಮೃತಮಹಲ್’ ಎಂದು ಹೆಸರಿಟ್ಟ. ಆ ತಳಿಯ ದನಗಳ ಮೇವಿಗೆಂದು ಹಳೆಯ ಮೈಸೂರಿನ ಉದ್ದಗಲಕ್ಕೂ ಇಂಥ ಕಾವಲುಗಳನ್ನು ಬಿಟ್ಟಿದ್ದರು. ಅಲ್ಲಿ ಅರಸರ ದನಗಳಷ್ಟೇ ಅಲ್ಲ, ಸುತ್ತಲಿನ ಹಳ್ಳಿಗಳ ಕುರಿಗಳೂ ಮೇದವು.

ಆ ಕುರಿಗಳ ಮೈಮೇಲಿನ ಕೂದಲೇ ತುಪ್ಪಟ. ವರ್ಷಕ್ಕೆ ಎರಡು ಸಲ ಕತ್ತರಿ ಹಾಕಿ ಅದನ್ನು ತೆಗೆಯುತ್ತಾರೆ. ಒಂದು ಕುರಿಯಿಂದ ವರ್ಷವಿಡೀ ಸಿಗುವುದು ಒಂದು ಕಿಲೋಗೂ ಕಡಿಮೆ. ತುಪ್ಪಟವನ್ನು ಹಿಂಜಿ, ಕಸಕಡ್ಡಿ ತೆಗೆದು, ನೂಲುವುದು ಹೆಚ್ಚಾಗಿ ಹೆಂಗಸರ ಕೆಲಸ. ಆ ನೂಲನ್ನು ಹಾಸು ಹೂಡಿ, ಹುಣಸೆ ಬೀಜದ ಗಂಜಿ ಹಚ್ಚಿ, ಒಣಗಿಸಿ, ಗುಂಡಿಮಗ್ಗದಲ್ಲಿ ಕೂತು ನೇಯುವುದು ಗಂಡಸರ ಕೆಲಸ. ಕೊನೆಗೆ ಬರುವುದೇ ಕರಿ ಕಂಬಳಿ. ಚಳ್ಳಕೆರೆಯ ಹೆಸರು ಎಣ್ಣೆ ಗಿರಣಿಗಳಿಗೆ ಎಷ್ಟು ಪ್ರಸಿದ್ಧವೋ ಕಂಬಳಿಗೂ ಅಷ್ಟೇ ಪ್ರಸಿದ್ಧ. ಪಕ್ಕದ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ಹೀಗೆ ಒಂದೇ ಸೀಮೆಯಲ್ಲಿ ಒರಟಾದ ಉಣ್ಣೆ, ನಯವಾದ ರೇಷ್ಮೆ ಎರಡೂ ನೇಯ್ಗೆಯಾಗುತ್ತವೆ. ವಿಜ್ಞಾನದ ವಿದ್ಯಾರ್ಥಿಗಳು ನೆನಪಿಡಬೇಕಾದ ಮಾತೆಂದರೆ, ಇವೆರಡೂ ಪ್ರೋಟೀನುಗಳು. ಉಣ್ಣೆ ಕೆರಾಟಿನ್, ಅಂದರೆ ನಮ್ಮ ಕೂದಲು, ಉಗುರುಗಳ ವಸ್ತು. ರೇಷ್ಮೆ ಫೈಬ್ರಾಯಿನ್. ಹತ್ತಿ ಮಾತ್ರ ಸೆಲ್ಯುಲೋಸ್. ಅದು ಕಾಗದದ ನೆಂಟ.

ಈ ಕಾವಲುಗಳ ಸ್ಥಿತಿ ಈಗ ಮೊದಲಿನಂತಿಲ್ಲ. 2010ರ ಆಸುಪಾಸಿನಲ್ಲಿ ಉಳ್ಳಾರ್ತಿ, ಕುದಾಪುರ ಮೊದಲಾದ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಉಳ್ಳಾರ್ತಿ ಕಾವಲಿನ ದೊಡ್ಡ ಪಾಲು ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿತು. ಮೇವಿನ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ಪ್ರಯೋಗಶಾಲೆಯೂ ಬೇಕು, ಕುರಿಗೆ ಹುಲ್ಲೂ ಬೇಕು. ಹುಲ್ಲು ಕಡಿಮೆಯಾದರೆ ಕುರಿ ಕಡಿಮೆ, ಕುರಿ ಕಡಿಮೆಯಾದರೆ ನೂಲುವ ರಾಟೆಗೂ ಕೆಲಸ ಕಡಿಮೆ ಎಂಬ ಸರಪಣಿಯನ್ನು ಮಾತ್ರ ಮರೆಯಬಾರದು.

ಚುಚ್ಚುವ ಉಣ್ಣೆ ಏತಕ್ಕೆ?

‘ನಮ್ಮ ಕಡೆಯ ಉಣ್ಣೆ ಮೈಗೆ ಚುಚ್ಚುತ್ತದೆ, ಸ್ವೆಟರಿಗೆ ಬರುವುದಿಲ್ಲ’ ಎಂಬ ದೂರು ಇದೆ. ಮಾತು ನಿಜ. ಅದಕ್ಕೆ ಕಾರಣ ಎಳೆಯ ದಪ್ಪ. ಮೆರಿನೋ ಕುರಿಯ ಎಳೆ ಸುಮಾರು 17ರಿಂದ 24 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ದಖನಿ, ಬಳ್ಳಾರಿ ತಳಿಗಳ ಎಳೆ ಅದರ ಎರಡರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. 30 ಮೈಕ್ರಾನಿಗಿಂತ ದಪ್ಪನೆಯ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಒತ್ತುತ್ತದೆ. ಅದೇ ‘ಚುಚ್ಚುವುದು’.

ಆದರೆ ಬಿಸಿ ಪಾತ್ರೆಯ ಕೆಳಗಿಡುವ ಚಾಪೆಗೆ, ತಲೆಯ ಮೇಲೆ ಕೊಡ ಹೊರುವ ಸಿಂಬೆಗೆ, ಕುರ್ಚಿಯ ಮೇಲಿನ ಹಾಸಿಗೆ, ಬಾಗಿಲಲ್ಲಿ ಕಾಲೊರೆಸುವ ಪಟ್ಟಿಗೆ ನಯ ಏತಕ್ಕೆ? ಅಲ್ಲಿ ಬೇಕಾದದ್ದು ಗಟ್ಟಿತನ, ಮತ್ತು ಬಿಸಿಗೆ ಕರಗದ ಗುಣ. ಉಣ್ಣೆ ಕರಗುವುದೇ ಇಲ್ಲ. ಸುಲಭವಾಗಿ ಬೆಂಕಿಯೂ ಹಿಡಿಯುವುದಿಲ್ಲ. ಕಿಡಿ ಬಿದ್ದರೆ ಕರಕಲಾಗಿ ತಾನೇ ಆರುತ್ತದೆ. ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಬಿಸಿಯನ್ನು ಆಚೆ ಬಿಡುವುದಿಲ್ಲ. ಸ್ವೆಟರಿಗೆ ಬೇಡವಾದ ಉಣ್ಣೆ ಅಡುಗೆಮನೆಗೆ ಹೇಳಿ ಮಾಡಿಸಿದಂತಿದೆ. ಕೆಲಸಕ್ಕೆ ತಕ್ಕ ನೂಲು ಎಂಬುದರ ಅರ್ಥ ಇಷ್ಟೇ.

ಒಂದು ಎಚ್ಚರಿಕೆ: ಚಾಪೆ, ಮಸಿಬಟ್ಟೆ ಯಾವ ನೂಲಿನದೇ ಆಗಲಿ, ಒದ್ದೆಯಾಗಿರಬಾರದು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಬಿಸಿಯನ್ನು ಸಾಗಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಪಾತ್ರೆ ಹಿಡಿದವರ ಕೈ ಸುಡುವುದು ಅದಕ್ಕೇ.

ನೂಲು ಗುರುತಿಸುವ ಪರೀಕ್ಷೆ

ಅಂಗಡಿಯ ಚೀಟಿಯಲ್ಲಿ ಬರೆದದ್ದನ್ನು ಓದುವುದು ಮೊದಲ ಪರೀಕ್ಷೆ. ಚೀಟಿ ಇಲ್ಲದಿದ್ದರೆ ಸುಟ್ಟು ನೋಡುವುದು ಎರಡನೆಯದು. ಇದನ್ನು ದೊಡ್ಡವರು ಎದುರಿಗಿದ್ದೇ, ಕಿಟಕಿ ತೆರೆದು, ನೀರು ತುಂಬಿದ ತಟ್ಟೆಯ ಮೇಲೆ ಮಾಡಬೇಕು. ಎರಡು ಅಂಗುಲ ನೂಲನ್ನು ಚಿಮುಟದಲ್ಲಿ ಹಿಡಿದು ಮೇಣದಬತ್ತಿಯ ಜ್ವಾಲೆಗೆ ತೋರಿಸಿದರೆ ಸಾಕು.

ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಜ್ವಾಲೆಯಿಂದ ಈಚೆ ತೆಗೆದೊಡನೆ ಬಹುಮಟ್ಟಿಗೆ ಆರುತ್ತದೆ, ಉಳಿದ ಕಪ್ಪು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಸರಸರನೆ ಉರಿದು ಹಗುರವಾದ ಬೂದು ಬಣ್ಣದ ಬೂದಿ. ಅಕ್ರಿಲಿಕ್ಕಾದರೆ ಕರಗುತ್ತಾ, ಹೊಗೆಯಾಡುತ್ತಾ ಉರಿಯುತ್ತದೆ. ತಣಿದ ಮೇಲೆ ತುದಿಯಲ್ಲಿ ಗಟ್ಟಿಯಾದ ಕಪ್ಪು ಮಣಿ ಉಳಿಯುತ್ತದೆ. ಆ ಹೊಗೆ ಒಳ್ಳೆಯದಲ್ಲ, ಮೂಗು ಹತ್ತಿರ ಒಯ್ಯಬಾರದು.

ಬೆಂಕಿಯಿಲ್ಲದ ಪರೀಕ್ಷೆಯೂ ಒಂದಿದೆ. ನೂಲಿನ ಎರಡು ತುದಿಗಳನ್ನು ಸ್ವಲ್ಪ ಬಿಡಿಸಿ, ಒಂದರ ಮೇಲೊಂದಿಟ್ಟು, ಎರಡು ಹನಿ ನೀರು ಹಾಕಿ ಅಂಗೈಗಳ ನಡುವೆ ಬಿಸಿಯಾಗುವಂತೆ ಉಜ್ಜಬೇಕು. ಉಣ್ಣೆಯಾದರೆ ತುದಿಗಳು ಸಾಮಾನ್ಯವಾಗಿ ಗಂಟಿಲ್ಲದೆ ಕೂಡಿಕೊಳ್ಳುತ್ತವೆ, ಅಕ್ರಿಲಿಕ್ ಕೂಡುವುದಿಲ್ಲ. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಹುರುಪೆಗಳಿವೆ. ನೀರು, ಬಿಸಿ, ಉಜ್ಜಾಟ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಿಕೊಳ್ಳಲಾರವು. ಕಂಬಳಿ ಬಳಸುತ್ತ ಹೋದಂತೆ ದಟ್ಟವಾಗುವುದಕ್ಕೂ, ಬಿಸಿನೀರಿನಲ್ಲಿ ಒಗೆದ ಉಣ್ಣೆಯ ಸ್ವೆಟರು ಕುಗ್ಗಿ ತಮ್ಮನ ಅಳತೆಗೆ ಬರುವುದಕ್ಕೂ ಕಾರಣ ಇದೊಂದೇ. ಹೆಣೆಯುವಾಗ ಹೊಸ ಉಂಡೆ ಸೇರಿಸಲು ಈ ಉಪಾಯ ಬಹಳ ಉಪಯೋಗಿ.

ಕೈನೂಲು ಸಿಕ್ಕರೆ ಇನ್ನೊಂದನ್ನು ನೋಡಬೇಕು. ಒಂದು ಮಾರು ನೂಲನ್ನು ಮಡಚಿ ಸಡಿಲವಾಗಿ ಇಳಿಬಿಟ್ಟಾಗ ಅದು ತನ್ನಷ್ಟಕ್ಕೆ ಜಡೆಯಂತೆ ಸುತ್ತಿಕೊಂಡರೆ ಹುರಿ ಹೆಚ್ಚಾಗಿದೆ ಎಂದರ್ಥ. ಹಾಗೆಯೇ ಹೆಣೆದರೆ ಚೌಕ ಓರೆಯಾಗುತ್ತದೆ. ಅಂಥ ಎರಡೆಳೆಗಳನ್ನು ಜೊತೆಗಿಟ್ಟು, ನೂತ ದಿಕ್ಕಿಗೆ ವಿರುದ್ಧವಾಗಿ ಹುರಿಗೊಳಿಸಿದರೆ ಎರಡರ ಒತ್ತಡ ಒಂದನ್ನೊಂದು ತಣಿಸಿ ನೂಲು ನೆಟ್ಟಗಾಗುತ್ತದೆ.

ಒಂದು ಕೊಕ್ಕೆ, ಒಂದು ಕುಣಿಕೆ

ನೇಯ್ಗೆಯಲ್ಲಿ ಹಾಸು ಹೊಕ್ಕು ಎಂದು ಎರಡು ಸಾಲು ನೂಲುಗಳು ಅಡ್ಡಹಾಯುತ್ತವೆ. ಅದಕ್ಕೆ ಮಗ್ಗ ಬೇಕು. ಎರಡು ಕಡ್ಡಿಯ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಬಾಯಿ ತೆರೆದು ಕೂತಿರುತ್ತವೆ. ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚುತ್ತದೆ. ಕ್ರೋಷಾದಲ್ಲಿ ಯಾವ ಹೊತ್ತಿಗೂ ಸಾಮಾನ್ಯವಾಗಿ ತೆರೆದಿರುವುದು ಒಂದೇ ಕುಣಿಕೆ. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಸಣ್ಣ ಕೊಕ್ಕೆ ಎಂದೇ ಅರ್ಥ. ಅಮ್ಮ ಕರೆದರೆ ಆ ಒಂದು ಕುಣಿಕೆಗೆ ಪಿನ್ನು ಸಿಕ್ಕಿಸಿ ಎದ್ದು ಹೋಗಬಹುದು. ತಪ್ಪಿದರೆ ಎಳೆದರಾಯಿತು, ನೂಲೆಲ್ಲ ವಾಪಸು ಬರುತ್ತದೆ. ಮಕ್ಕಳು ಕಲಿಯಲು ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕುವುದು ಕಷ್ಟ. ಇದು ಹೆಣ್ಣುಮಕ್ಕಳ ಕೆಲಸ ಎನ್ನುವ ಹುಡುಗರು ಚಳ್ಳಕೆರೆಯ ಗುಂಡಿಮಗ್ಗಗಳಲ್ಲಿ ಕೂತವರನ್ನು ನೆನೆಸಿಕೊಳ್ಳಲಿ.

ಎಷ್ಟು ದಪ್ಪದ ಕಡ್ಡಿ ಬೇಕು? ನೂಲಿನ ಎರಡೆಳೆ ಜೊತೆಗಿಟ್ಟರೆ ಎಷ್ಟು ದಪ್ಪವೋ ಸುಮಾರು ಅಷ್ಟು ದಪ್ಪದ ಕಡ್ಡಿ ಎಂಬುದು ಆರಂಭಕ್ಕೆ ಸಾಕಾದ ಲೆಕ್ಕ. ಕಂಬಳಿ ನೂಲಿಗೆ 5 ಅಥವಾ 6 ಮಿಲಿಮೀಟರಿನ ಕಡ್ಡಿ ಹಿಡಿದು ನೋಡಬಹುದು. ಪುಸ್ತಕದ ಡಿಸೈನ್ ನೋಡಿ ಹೆಣೆಯುವವರು ಇನ್ನೊಂದು ಮಾತು ತಿಳಿದಿರಬೇಕು. ಇಂಗ್ಲೆಂಡಿನ ಪುಸ್ತಕದ ‘ಡಬಲ್’ ಅಮೆರಿಕದ ಪುಸ್ತಕದಲ್ಲಿ ‘ಸಿಂಗಲ್’. ಪುಸ್ತಕ ಎಲ್ಲಿಯದೆಂದು ನೋಡದೆ ಹೆಣೆದರೆ ಟೋಪಿ ಬುಟ್ಟಿಯಾಗುತ್ತದೆ! ಇಲ್ಲಿ ಮುಂದೆ ಬರುವ ‘ಸಿಂಗಲ್’ ಅಮೆರಿಕದ ಲೆಕ್ಕದ್ದು, ಅಂದರೆ ಗಿಡ್ಡನೆಯ ಕುಣಿಕೆ.

ದುಂಡು ಚಾಪೆಯ ಗಣಿತ

ದುಂಡು ಚಾಪೆ ಹೆಣೆಯುವವರಿಗೆಲ್ಲ ಹೇಳಿಕೊಡುವ ಸೂತ್ರವೊಂದಿದೆ. ಮೊದಲ ಸುತ್ತಿಗೆ ಆರು ಸಿಂಗಲ್, ಎರಡನೆಯದಕ್ಕೆ ಹನ್ನೆರಡು, ಮೂರನೆಯದಕ್ಕೆ ಹದಿನೆಂಟು. ಹೀಗೆ ಸುತ್ತಿಗೆ ಆರಾರು ಹೆಚ್ಚಿಸುತ್ತ ಹೋಗಬೇಕು. ಆರೇ ಏಕೆ?

ಸುತ್ತಳತೆ ಎಂದರೆ 2πr. ತ್ರಿಜ್ಯ ಒಂದು ಕುಣಿಕೆಯಷ್ಟು ಹೆಚ್ಚಿದರೆ ಸುತ್ತಳತೆ 2π, ಅಂದರೆ 6.28 ಕುಣಿಕೆಯಷ್ಟು ಹೆಚ್ಚಬೇಕು. ಸಿಂಗಲ್ ಕುಣಿಕೆಯ ಎತ್ತರ ಅಗಲಗಳು ಹೆಚ್ಚುಕಡಿಮೆ ಸಮ. ಆದ್ದರಿಂದ ಆರು. ಅದರ ಎರಡರಷ್ಟು ಎತ್ತರದ ಡಬಲ್ ಹೆಣೆದರೆ ಹನ್ನೆರಡು. ಪಾಠದ ಪುಸ್ತಕದ π ಅಜ್ಜಿಯ ಬೆರಳ ತುದಿಯಲ್ಲಿ ಎಂದಿನಿಂದಲೂ ಇದೆ.

ಆರಕ್ಕಿಂತ ಕಡಿಮೆ ಹೆಚ್ಚಿಸಿದರೆ ಅಂಚಿಗೆ ನೂಲು ಸಾಲದೆ ಚಾಪೆ ಬಟ್ಟಲಾಗುತ್ತದೆ. ಟೋಪಿ ಬೇಕಾದವರಿಗೆ ಅದೇ ದಾರಿ. ಆರಕ್ಕಿಂತ ಬಹಳ ಹೆಚ್ಚಿಸಿದರೆ ಅಂಚು ಕೋಳಿಜುಟ್ಟಿನ ಹೂವಿನಂತೆ ನೆರಿಗೆಯಾಗುತ್ತದೆ. ಅದನ್ನು ಕೆಟ್ಟ ಕೆಲಸವೆಂದು ಎಸೆಯಬೇಕಾಗಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಇಂಥ ನೆರಿಗೆಯನ್ನೇ ಲೆಕ್ಕವಿಟ್ಟು ಹೆಣೆದರು. ಕಾಗದದಲ್ಲಿ ಮಾಡಿದರೆ ಹರಿದುಹೋಗುತ್ತಿದ್ದ ಒಂದು ಜ್ಯಾಮಿತಿಯ ಮೇಲ್ಮೈಯನ್ನು ಕೈಯಲ್ಲಿ ಹಿಡಿದು ತೋರಿಸಿದರು. ಆ ಮೇಲ್ಮೈಯ ಮೇಲಿನ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ!

ನೂಲು ಎಷ್ಟು ಬೇಕೆಂಬುದಕ್ಕೂ ಲೆಕ್ಕವಿದೆ. ಮೊದಲು 10 ಸೆಂಟಿಮೀಟರ್ ಚೌಕದ ಮಾದರಿಯೊಂದನ್ನು ಹೆಣೆದು ಅಂಗಡಿಯ ತಕ್ಕಡಿಯಲ್ಲಿ ತೂಗಬೇಕು. 100 ಚದರ ಸೆಂಟಿಮೀಟರಿಗೆ 8 ಗ್ರಾಂ ಬಂತೆನ್ನಿ. 24 ಸೆಂಟಿಮೀಟರ್ ಅಡ್ಡಳತೆಯ ದುಂಡು ಚಾಪೆಯ ವಿಸ್ತೀರ್ಣ ಸುಮಾರು 452 ಚದರ ಸೆಂಟಿಮೀಟರ್. ಆದ್ದರಿಂದ ನೂಲು 36 ಗ್ರಾಂ. ಅಂಚಿಗೂ ಕೈಬಿಗಿಯ ವ್ಯತ್ಯಾಸಕ್ಕೂ ಸೇರಿಸಿ 45 ಗ್ರಾಂ ತಂದರೆ ಅರ್ಧಕ್ಕೆ ನಿಲ್ಲುವುದಿಲ್ಲ.

ಮನೆಗೆ ನಾಲ್ಕು ಕೆಲಸ

ಸಿಂಬೆ: ಕಂಬಳಿ ನೂಲಿನಲ್ಲಿ 12 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದದ ಪಟ್ಟಿ ಹೆಣೆಯಬೇಕು. ಹಳೆಯ ಹತ್ತಿ ಸೀರೆಯನ್ನು ಹಗ್ಗದಂತೆ ಹೊಸೆದು ಪಟ್ಟಿಯೊಳಗಿಟ್ಟು ಉದ್ದಕ್ಕೆ ಹೊಲಿದು, ಎರಡು ತುದಿ ಕೂಡಿಸಿದರೆ ಸುಮಾರು 16 ಸೆಂಟಿಮೀಟರ್ ಅಡ್ಡಳತೆಯ ಬಳೆಯಾಗುತ್ತದೆ. ಕೊಡ ಹೊರುವವರು ಈಗ ಕಡಿಮೆ. ಆದರೆ ತಳ ದುಂಡಗಿರುವ ಮಡಕೆ, ಬಿಸಿ ಅನ್ನದ ಪಾತ್ರೆಗಳಿಗೆ ಸಿಂಬೆ ಇಂದಿಗೂ ಬೇಕು.

ಮಸಿಬಟ್ಟೆ: ಉಣ್ಣೆ ಅಥವಾ ದಪ್ಪ ಹತ್ತಿ ನೂಲಿನಲ್ಲಿ 18 ಸೆಂಟಿಮೀಟರಿನ ಎರಡು ಚೌಕ ಹೆಣೆದು ಒಂದರ ಮೇಲೊಂದಿಟ್ಟು ಅಂಚು ಕಟ್ಟಬೇಕು. ಎರಡು ಪದರದ ನಡುವಿನ ಗಾಳಿಯೇ ಕೈಯನ್ನು ಕಾಯುತ್ತದೆ. ತೂತಿನ ಡಿಸೈನ್ ಇಲ್ಲಿ ಬೇಡ. ಬಿಸಿ ನೇರವಾಗಿ ಬೆರಳಿಗೆ ತಾಗುತ್ತದೆ.

ಕುಲಾವಿ: ಇಲ್ಲಿ ಕಂಬಳಿ ನೂಲು ಬೇಡವೇ ಬೇಡ. ಮೆತ್ತನೆಯ ಹತ್ತಿ ನೂಲು ಒಳ್ಳೆಯದು. ಕೂಸಿನ ಬಾಯಿಗೆ ಸಿಗುವಂಥ ಮಣಿ, ಗುಂಡಿ, ಕತ್ತಿಗೆ ಸುತ್ತುವಂಥ ಉದ್ದನೆಯ ದಾರ ಇರಬಾರದು.

ಸಂತೆ ಚೀಲ: ಹತ್ತಿ ನೂಲಿನಲ್ಲಿ ಬಲೆಯಂತೆ ಹೆಣೆದದ್ದು ಹಗುರ. ಹಿಡಿಕೆಯನ್ನು ಮಾತ್ರ ಒತ್ತಾಗಿ, ಅಗಲವಾಗಿ ಹೆಣೆಯಬೇಕು. ಭಾರ ಅಷ್ಟೇ ಇದ್ದರೂ ಅಗಲ ಎರಡರಷ್ಟಾದರೆ ಅಂಗೈಯ ಮೇಲಿನ ಒತ್ತಡ ಅರ್ಧವಾಗುತ್ತದೆ.

ಇನ್ನು ಮನೆಯಲ್ಲಿರುವ ಅಕ್ರಿಲಿಕ್ ಉಂಡೆಗಳು? ತೋರಣಕ್ಕೆ, ಟಿ.ವಿ. ಹೊದಿಕೆಗೆ, ಗೊಂಬೆಗೆ ಅವು ಧಾರಾಳವಾಗಿ ಸಾಕು. ಒಲೆ, ದೀಪಗಳಿಂದ ದೂರವಿದ್ದರಾಯಿತು. ಹೆಣೆಯುವಾಗ ಉಂಡೆಯನ್ನು ಚೊಂಬಿನೊಳಗಿಟ್ಟರೆ ಉರುಳಿ ಸಿಕ್ಕಾಗುವುದಿಲ್ಲ. ಸುತ್ತಿನ ಮೊದಲ ಕುಣಿಕೆಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿದರೆ ಎಣಿಕೆ ತಪ್ಪುವುದಿಲ್ಲ.

ಉಣ್ಣೆಯನ್ನು ಒಗೆಯುವಾಗ ವಾಷಿಂಗ್ ಸೋಡಾ ಬಳಸಬಾರದು. ಕ್ಷಾರ ಪ್ರೋಟೀನನ್ನು ತಿನ್ನುತ್ತದೆ. ಅಂಟುವಾಳದ ನೊರೆ, ತಣ್ಣೀರು, ಹಿಂಡದೆ ನೆರಳಲ್ಲಿ ಹರವಿ ಒಣಗಿಸುವುದು ಒಳ್ಳೆಯದು. ಉಣ್ಣೆ ತಿನ್ನುವ ಹುಳುಗಳಿಂದ ಕಾಪಾಡಲು ಆಗಾಗ ಕೊಡವಿ ಬಿಸಿಲಿಗೆ ತೋರಿಸಬೇಕು. ಕೂಸಿನ ಬಟ್ಟೆಗಳ ನಡುವೆ ನುಸಿಗುಳಿಗೆ ಇಡಬಾರದು. ಅದರ ಆವಿ ಕೆಲವು ಶಿಶುಗಳ ರಕ್ತಕ್ಕೆ ಅಪಾಯಕಾರಿ.

ಬಿಡುವಿನ ಕೆಲಸವೆ?

ಸ್ವೆಟರು ಹೆಣೆಯುವ ಯಂತ್ರಗಳಿವೆ, ಕಂಬಳಿ ನೇಯುವ ಯಂತ್ರಗಳಿವೆ. ಆದರೆ ನಿಜವಾದ ಕ್ರೋಷಾ ಹೆಣೆಯುವ ಕಾರ್ಖಾನೆ ಯಂತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಅಂಗಡಿಯಲ್ಲಿ ಸಿಗುವ ಅಸಲಿ ಕ್ರೋಷಾ ವಸ್ತುವಿನ ಹಿಂದೆ ಯಾರದೋ ಕೈ ಇದ್ದೇ ಇದೆ. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಕ್ಷಾಮ ಬಂದಾಗ ಎಷ್ಟೋ ಮನೆಗಳು ಹೆಂಗಸರ ಕ್ರೋಷಾ ಲೇಸಿನ ಸಂಪಾದನೆಯಿಂದ ಉಸಿರುಳಿಸಿಕೊಂಡವು. ಆಂಧ್ರದ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಷಾ ಲೇಸು ದೊಡ್ಡ ರಫ್ತು ಉದ್ಯಮವಾಯಿತು. ಅಲ್ಲಿ ಅಧ್ಯಯನ ನಡೆಸಿ 1982ರಲ್ಲಿ ಪುಸ್ತಕ ಬರೆದ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಒಂದು ಕಟು ಸತ್ಯವನ್ನು ಎತ್ತಿ ತೋರಿಸಿದರು. ದಿನವಿಡೀ ಹೆಣೆಯುವ ಆ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸಲಿಲ್ಲ. ಮನೆಯಲ್ಲಿ ಕೂತು ಬಿಡುವಿನಲ್ಲಿ ಮಾಡುತ್ತಾರೆ ಎಂಬ ಒಂದೇ ಮಾತಿನಿಂದ ಕೂಲಿ ತೀರ ಕಡಿಮೆಯಾಯಿತು.

ಉಣ್ಣೆ ನೂಲುವವರ ಕತೆಯೂ ಇದಕ್ಕೆ ದೂರವಲ್ಲ. ಆದ್ದರಿಂದ ಈ ರಜೆಯಲ್ಲಿ ಚಾಪೆ ಹೆಣೆಯುವ ವಿದ್ಯಾರ್ಥಿ ಒಂದು ಕೆಲಸ ಮಾಡಲಿ. ಹೆಣೆಯಲು ಕೂತ ಗಂಟೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಹತ್ತು ಸುತ್ತಿನ ಚಾಪೆಗೆ ಒಟ್ಟು ಕುಣಿಕೆಗಳು 6 × (1+2+3+…+10), ಅಂದರೆ 330. ಇಪ್ಪತ್ತು ಸುತ್ತಿಗೆ ಎಷ್ಟು? ಉತ್ತರ ಎರಡರಷ್ಟಲ್ಲ, ಹೆಣೆದು ನೋಡಿದರೆ ತಿಳಿಯುತ್ತದೆ. ಬಳಿಕ ಆ ಗಂಟೆಗಳಿಗೆ ನ್ಯಾಯವಾದ ಕೂಲಿ ಕಟ್ಟಿ, ನೂಲಿನ ಬೆಲೆ ಸೇರಿಸಿ, ಚಾಪೆಗೆ ಎಷ್ಟು ಬೆಲೆಯಾಗಬೇಕೆಂದು ಅಪ್ಪ ಅಮ್ಮನ ಮುಂದೆ ಲೆಕ್ಕ ಒಪ್ಪಿಸಲಿ. ಮುಂದೆ ಸಂತೆಯಲ್ಲಿ ಕಂಬಳಿಯ ಬೆಲೆ ಚೌಕಾಸಿ ಮಾಡುವ ಮೊದಲು ಮನೆಮಂದಿಗೆಲ್ಲ ಆ ಲೆಕ್ಕ ನೆನಪಾದರೆ ಸಾಕು.